ಆಂಗ್ಲೇಯ ಜ್ಯೂರಿ ಪದ್ಧತಿಯೂ ಗೃಹಸ್ಥನ ಸಂಸಾರವೂ

ಇಂಗ್ಲೆಂಡಿನ ನ್ಯಾಯಪದ್ಧತಿಯನ್ನು ವರ್ಣಿಸುವ ಗ್ರಂಥಗಳಲ್ಲಿ ಜ್ಯೂರಿಯು ಪ್ರಜಾಸ್ವಾತಂತ್ರ್ಯದ ಕೋಟೆಯೆಂದು ಹೊಗಳಲ್ಪಟ್ಟಿದೆ. ಈ ಹೊಗಳಿಕೆಯು ನಿರಾಧಾರವಾದುದಲ್ಲ. ಆದರೆ ಹನ್ನೆರಡು ಮಂದಿ ಗೃಹಸ್ಥರು ಹೊಲವನ್ನೋ ಅಂಗಡಿಯನ್ನೋ ಬಿಟ್ಟು, ಹೆಂಡಿರು ಮಕ್ಕಳನ್ನು ಮನೆಯಲ್ಲಿರಿಸಿ, ನ್ಯಾಯಸ್ಥಾನದಲ್ಲಿ ಕುಳಿತಿದ್ದಾಗ ಅವರ ಆ ದಿನದ ದುಡಿಮೆಯ ನಷ್ಟವನ್ನು ತುಂಬಿಕೊಟ್ಟವರು ಯಾರು, ಅವರ ಊಟಕ್ಕೆ ಏನು ಏರ್ಪಾಡಿತ್ತು, ಸಂಜೆ ಅವರು ಮನೆಗೆ ಹೋಗಬಹುದಾಗಿತ್ತೆ ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಇವು ಅಲ್ಪ ವಿಷಯಗಳೆಂದು ತೋರಬಹುದು. ಆದರೂ ಏಳುನೂರು ವರ್ಷಗಳ ಶಾಸನಗಳನ್ನು ಕ್ರಮವಾಗಿ ಪರಿಶೀಲಿಸಿದರೆ, ಜ್ಯೂರಿಯಲ್ಲಿ ಯಾರು ಕುಳಿತರು, ಯಾರು ಕುಳಿತುಕೊಳ್ಳಲಾರದೆ ಹೋದರು ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸಿದುದು ಈ ಅಲ್ಪ ವಿಷಯಗಳೇ ಎಂಬುದು ವಿದಿತವಾಗುತ್ತದೆ.

ಭಾರತದ ೧೯೭೩ನೆಯ ಇಸವಿಯ ದಂಡಪ್ರಕ್ರಿಯಾ ಸಂಹಿತೆಯು ಈ ಪದ್ಧತಿಯನ್ನು ಉಳಿಸಿಕೊಳ್ಳಲಿಲ್ಲವಾದುದರಿಂದ, ಅದರ ಮೂಲವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವಿವರಿಸಿರುವಂತಹ ಅಗ್ನಿದಿವ್ಯ ಜಲದಿವ್ಯಗಳನ್ನು ಹೋಲುವ ಪರೀಕ್ಷೆಗಳು ಯೂರೋಪಿನಲ್ಲಿಯೂ ಇದ್ದುವು. ಕ್ರಿ. ಶ. ೧೨೧೫ರಲ್ಲಿ ರೋಮಿನ ಲ್ಯಾಟರನ್ ಧರ್ಮಸಭೆಯು ಪಾದ್ರಿಗಳು ಇವುಗಳಲ್ಲಿ ಭಾಗವಹಿಸಕೂಡದೆಂದು ವಿಧಿಸಿತು. ಇಂಗ್ಲೆಂಡಿನಲ್ಲಿ ದಿವ್ಯಗಳು ನಿಂತುಹೋಗಿ, ಅವುಗಳ ಸ್ಥಾನಕ್ಕೆ ನೆರೆಹೊರೆಯ ಹನ್ನೆರಡು ಮಂದಿ ಪ್ರಮಾಣಮಾಡಿ ಹೇಳುವ ಮಾತು ಬಂದಿತು. ದೇವರ ಮೇಲಿದ್ದ ಹೊಣೆಯು ಹೀಗೆ ಗೃಹಸ್ಥನ ಹೆಗಲಿಗೆ ಬಂದು ಬಿದ್ದಿತು.

ಈ ಹೊರೆಯಿಂದ ಹುಟ್ಟಿದ ಅನ್ಯಾಯಕ್ಕೆ ಒಂದನೆಯ ಎಡ್ವರ್ಡ್ ದೊರೆಯ ೧೨೮೫ನೆಯ ಇಸವಿಯ ಎರಡನೆಯ ವೆಸ್ಟ್‌ಮಿನ್‌ಸ್ಟರ್ ಶಾಸನವೇ ಸಾಕ್ಷಿಯಾಗಿದೆ. ಷೆರೀಫರೂ ಅವರ ಕೈಕೆಳಗಿನವರೂ ಬೇಕಾದುದಕ್ಕಿಂತ ಹೆಚ್ಚು ಜನರನ್ನು ಕರೆಯಿಸಿ, ಬಿಟ್ಟುಬಿಡುವುದಕ್ಕಾಗಿ ಅವರಿಂದ ಹಣ ಕೀಳುತ್ತಿದ್ದರೆಂದೂ, ರೋಗಿಗಳನ್ನೂ ಮುದುಕರನ್ನೂ ಸಹ ಬಿಡುತ್ತಿರಲಿಲ್ಲವೆಂದೂ, ಧನಿಕರು ಲಂಚ ಕೊಟ್ಟು ಮನೆಯಲ್ಲಿ ಉಳಿಯುತ್ತಿದ್ದರೆಂದೂ, ಕೊನೆಗೆ ಬಡವರೇ ಜ್ಯೂರಿಯಲ್ಲಿ ಕುಳಿತುಕೊಳ್ಳಬೇಕಾಗುತ್ತಿತ್ತೆಂದೂ ಆ ಶಾಸನವು ಒಪ್ಪಿಕೊಳ್ಳುತ್ತದೆ. ಒಂದು ವಿಚಾರಣೆಗೆ ೨೪ ಮಂದಿಗಿಂತ ಹೆಚ್ಚಾಗಿ ಕರೆಯಿಸಬಾರದು, ೭೦ ವರ್ಷ ಮೀರಿದವರನ್ನು ತೊಂದರೆಪಡಿಸಬಾರದು, ವರ್ಷಕ್ಕೆ ೨೦ ಷಿಲ್ಲಿಂಗಿನ ಹುಟ್ಟುವಳಿಯ ಭೂಮಿಯಿಲ್ಲದವರನ್ನು ಸೇರಿಸಬಾರದು ಎಂಬುವು ಅದು ವಿಧಿಸಿದ ನಿಯಮಗಳು. ಇವುಗಳಲ್ಲಿ ಕಡೆಯದು ಗಮನಾರ್ಹವಾದುದು. ಬಡವನ ಮೇಲಣ ಕನಿಕರದಿಂದ ಹುಟ್ಟಿದ ಆಸ್ತಿಯ ನಿಯಮವು ಕಾಲಕ್ರಮದಲ್ಲಿ ಅವನನ್ನು ಹೊರಗಿಡುವ ಬೇಲಿಯಾಗಿ ಮಾರ್ಪಟ್ಟು, ಸುಮಾರು ಏಳು ಶತಮಾನಗಳವರೆಗೆ ನಿಂತಿತು.

ಬೇಲಿಯ ಒಳಗಿದ್ದವರ ಪಾಡೂ ಸುಖಕರವಾಗಿರಲಿಲ್ಲ. ತೀರ್ಮಾನಕ್ಕಾಗಿ ಒಳಕೋಣೆಗೆ ಹೋದ ಜ್ಯೂರಿಯವರಿಗೆ ಒಮ್ಮತ ಬರುವವರೆಗೂ ಅನ್ನ, ಪಾನ, ಬೆಂಕಿ, ದೀಪಗಳನ್ನು ಕೊಡಕೂಡದೆಂಬುದು ಪುರಾತನ ನಿಯಮವಾಗಿತ್ತು. ಹಸಿವೂ ಚಳಿಯೂ ಒಮ್ಮತವನ್ನು ಬೇಗ ತರುತ್ತವೆಂಬುದೇ ಇದರ ಹಿಂದಣ ತರ್ಕ. ಈ ತರ್ಕದ ಅಪಾಯವು ೧೬೭೦ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಸ್ಥಾನದಲ್ಲಿ ಪ್ರಕಟವಾಯಿತು. ಗ್ರೇಸ್‌ಚರ್ಚ್ ಬೀದಿಯಲ್ಲಿ ಧರ್ಮೋಪದೇಶ ಮಾಡಿದುದಕ್ಕಾಗಿ ಕ್ವೇಕರ್ ಪಂಥದ ವಿಲಿಯಂ ಪೆನ್ನನೂ ವಿಲಿಯಂ ಮೀಡನೂ ಅಕ್ರಮ ಕೂಟದ ಆಪಾದನೆಗೆ ಗುರಿಯಾದರು. ಸೆಪ್ಟೆಂಬರ್ ೩ನೆಯ ತಾರೀಖು, ಶನಿವಾರ, ಜ್ಯೂರಿಯವರು ಹೇಳಿದ ತೀರ್ಮಾನವು ನ್ಯಾಯಾಧಿಪತಿಗಳಿಗೆ ರುಚಿಸಲಿಲ್ಲ. ಅವರನ್ನು ಅನ್ನ ನೀರು ಬೆಂಕಿಗಳಿಲ್ಲದೆ, ಮೂತ್ರವಿಸರ್ಜನೆಗೆ ಪಾತ್ರೆಯೂ ಇಲ್ಲದೆ ರಾತ್ರಿಯೆಲ್ಲ ಕೂಡಿಹಾಕಲಾಯಿತು. ಮಾರನೆಯ ದಿನ ಭಾನುವಾರ. ಕ್ರೈಸ್ತರಿಗೆ ಅದು ದೇವಾಲಯಕ್ಕೂ ಕುಟುಂಬಕ್ಕೂ ಮೀಸಲಾದ ದಿನವಷ್ಟೆ. ಆ ದಿನವೂ ಬೆಳಗ್ಗೆ ಏಳು ಗಂಟೆಗೆ ಅವರನ್ನು ನ್ಯಾಯಸ್ಥಾನಕ್ಕೆ ಕರೆತಂದು, ಗದರಿಸಿ, ಪುನಃ ಕೂಡಿಹಾಕಿದರು. ಸೋಮವಾರ ಅವರು ಇಬ್ಬರನ್ನೂ ನಿರ್ದೋಷಿಗಳೆಂದು ಸಾರಿದರು. ಇದಕ್ಕಾಗಿ ಒಬ್ಬೊಬ್ಬರಿಗೂ ೪೦ ಮಾರ್ಕುಗಳ, ಎಂದರೆ ೨೬ ಪೌಂಡು ೧೩ ಷಿಲ್ಲಿಂಗು ೪ ಪೆನ್ನಿಗಳ, ದಂಡ ಬಿದ್ದಿತು. ಎಡ್ವರ್ಡ್ ಬುಷೆಲ್ಲನೂ ಅವನ ಕೆಲವು ಸಂಗಡಿಗರೂ ದಂಡ ತೆರದೆ ಸೆರೆಯಲ್ಲಿ ಉಳಿದರು. ಮುಖ್ಯ ನ್ಯಾಯಾಧಿಪತಿ ವಾನನು ಅವರನ್ನು ಬಿಡಿಸಿ, ತೀರ್ಮಾನಕ್ಕಾಗಿ ಜ್ಯೂರಿಯವರನ್ನು ದಂಡಿಸಕೂಡದೆಂದು ನಿರ್ಣಯಿಸಿದನು.

ಈ ನಿರ್ಣಯವನ್ನು ಚರಿತ್ರಕಾರರು ಕೊಂಡಾಡುವುದು ಸರಿಯಾಗಿಯೇ ಇದೆ. ಆದರೆ ಅದು ಜ್ಯೂರಿಯವನ ನಾಲಗೆಯನ್ನು ಬಿಡಿಸಿತೇ ಹೊರತು ಅವನ ಹೊಟ್ಟೆಯ ಮಾತನ್ನು ಎತ್ತಲಿಲ್ಲ. ಉಪವಾಸದ ನಿಯಮವು ಮತ್ತೆರಡು ಶತಮಾನಗಳ ಕಾಲ ಉಳಿಯಿತು. ೧೮೨೫ನೆಯ ಇಸವಿಯ ಜ್ಯೂರಿ ಶಾಸನವು ೨೧ರಿಂದ ೬೦ ವರ್ಷದೊಳಗಿನ, ಗೊತ್ತಾದ ಆಸ್ತಿಯುಳ್ಳ ಗಂಡಸರನ್ನು ಮಾತ್ರ ಪಟ್ಟಿಗೆ ಸೇರಿಸಿತು. ಪ್ರಭುಗಳು, ಪಾದ್ರಿಗಳು, ವಕೀಲರು, ವೈದ್ಯರು ಮೊದಲಾದವರಿಗೆ ವಿನಾಯಿತಿಯನ್ನು ಕೊಟ್ಟಿತು. ಕೂಲಿಯವನಿಗೆ ಪ್ರವೇಶವಿಲ್ಲ, ದೊಡ್ಡವನಿಗೆ ಬಲಾತ್ಕಾರವಿಲ್ಲ ಎಂದಾದಮೇಲೆ ಭಾರವು ನಡುವಣ ಅಂಗಡಿಕಾರನ ಮೇಲೆಯೂ ಬೇಸಾಯಗಾರನ ಮೇಲೆಯೂ ಬಿದ್ದಿತು. ಸ್ಥಿತಿವಂತರಿಂದ ಕೂಡಿದ ವಿಶೇಷ ಜ್ಯೂರಿಯವರಿಗೆ ಒಂದು ಗಿನಿಯವರೆಗೆ ಸಂಭಾವನೆಯನ್ನು ಅದೇ ಶಾಸನವು ಅನುಮತಿಸಿದುದು ವಿಚಿತ್ರವಾಗಿದೆ. ಕ್ರಿಮಿನಲ್ ಮೊಕದ್ದಮೆಗಳ ಸಾಮಾನ್ಯ ಜ್ಯೂರಿಯವನ ದುಡಿಮೆಯ ನಷ್ಟಕ್ಕೆ ಅದು ಏನನ್ನೂ ಗೊತ್ತುಮಾಡಲಿಲ್ಲ.

೧೮೭೦ನೆಯ ಇಸವಿಯ ಶಾಸನವು ನ್ಯಾಯಾಧೀಶನ ಅನುಮತಿಯಿಂದ ಬೆಂಕಿಯನ್ನೂ ಮಿತವಾದ ಆಹಾರವನ್ನೂ ದೊರಕಿಸಿತು; ಆಹಾರದ ವೆಚ್ಚವು ಜ್ಯೂರಿಯವನದೇ ಆಗಿತ್ತು. ಘೋರಾಪರಾಧಗಳ ವಿಚಾರಣೆಯು ಹಲವು ದಿನ ನಡೆದರೆ ಜ್ಯೂರಿಯವರು ರಾತ್ರಿ ಮನೆಗೆ ಹೋಗುವಂತಿರಲಿಲ್ಲ. ೧೮೯೭ರಲ್ಲಿ ಈ ಕಟ್ಟು ಸಡಿಲವಾಯಿತು. ಆದರೆ ಕೊಲೆ, ರಾಜದ್ರೋಹಗಳ ಮೊಕದ್ದಮೆಗಳಲ್ಲಿ ಅದು ೧೯೪೮ರವರೆಗೂ ಉಳಿದುಕೊಂಡಿತು. ೧೯೧೯ನೆಯ ಇಸವಿಯ ಶಾಸನದ ಫಲವಾಗಿ ೧೯೨೦ರ ಜುಲೈ ತಿಂಗಳಲ್ಲಿ ಬ್ರಿಸ್ಟಲ್ ನಗರದಲ್ಲಿ ಸ್ತ್ರೀಯರು ಜ್ಯೂರಿಯಲ್ಲಿ ಕುಳಿತರು. ಮನೆಯು ಸಾಮಾನ್ಯವಾಗಿ ಗಂಡನ ಹೆಸರಿನಲ್ಲಿರುತ್ತಿದ್ದ ಕಾರಣ, ಆಸ್ತಿಯ ನಿಯಮವು ಗೃಹಿಣಿಯರಲ್ಲಿ ಹೆಚ್ಚಿನವರನ್ನು ಹೊರಗೇ ನಿಲ್ಲಿಸಿತು.

ದುಡಿಮೆಯ ನಷ್ಟಕ್ಕೂ ಪ್ರಯಾಣಕ್ಕೂ ಊಟಕ್ಕೂ ಭತ್ಯವನ್ನು ಗೊತ್ತುಮಾಡಿದುದು ೧೯೪೯ನೆಯ ಇಸವಿಯ ಶಾಸನ. ಆಸ್ತಿಯ ನಿಯಮವು ೧೯೭೨ನೆಯ ಇಸವಿಯ ಶಾಸನದಿಂದ ರದ್ದಾಗಿ, ೧೯೭೪ರಿಂದ ಮತದಾರರ ಪಟ್ಟಿಯೇ ಜ್ಯೂರಿಗೆ ಆಧಾರವಾಯಿತು. ಇವುಗಳ ಕ್ರಮವು ಆಕಸ್ಮಿಕವಾದುದಲ್ಲವೆಂದು ಹೇಳಬಹುದು. ಕೂಲಿಯ ನಷ್ಟವನ್ನು ತುಂಬಿಕೊಡದಿರುವವರೆಗೆ ಕೂಲಿಕಾರನನ್ನು ಕರೆಯಿಸುವುದು ೧೨೮೫ರ ಅನ್ಯಾಯವನ್ನೇ ಮರಳಿ ತಂದಂತಾಗುತ್ತಿತ್ತು. ಮುಂದೆ ೧೯೮೮ರಲ್ಲಿ ಸೇವೆಯ ದಿನವನ್ನು ಮುಂದಕ್ಕೆ ಹಾಕಿಸಿಕೊಳ್ಳುವ ಸೌಕರ್ಯವೂ, ೧೯೯೪ರಲ್ಲಿ ಸಮಾಲೋಚನೆಯ ನಡುವೆಯೂ ರಾತ್ರಿ ಮನೆಗೆ ಹೋಗಲು ಅನುಮತಿಯೂ ಬಂದುವು. ೨೦೦೪ರಲ್ಲಿ ನ್ಯಾಯಾಧೀಶರಿಗೂ ವಕೀಲರಿಗೂ ಇದ್ದ ನಿರ್ಬಂಧವೂ, ವೈದ್ಯರಿಗಿದ್ದ ವಿನಾಯಿತಿಯ ಹಕ್ಕೂ ಹೋದುವು. ಅನ್ನವನ್ನೂ ನಿದ್ರೆಯನ್ನೂ ಕೊಟ್ಟರೆ ಜ್ಯೂರಿಯು ಕೆಟ್ಟುಹೋಗುವುದೆಂಬ ಹಳೆಯ ಭಯವು ನಿಜವಾಗಲಿಲ್ಲ. ಈ ಸೌಕರ್ಯಗಳು ಬಂದಮೇಲೆಯೇ ಜ್ಯೂರಿಯು ದೇಶದ ಎಲ್ಲ ವರ್ಗಗಳ ಜನರನ್ನು ಒಳಗೊಳ್ಳಲು ಶಕ್ತವಾಯಿತು.

ಆದರೂ ಸಮಸ್ಯೆಯು ಪೂರ್ಣವಾಗಿ ಪರಿಹಾರವಾಗಿದೆಯೆಂದು ಹೇಳಲಾಗದು. ಸೇವೆಯ ಅವಧಿಯು ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳು. ನಷ್ಟದ ಭತ್ಯಕ್ಕೆ ಮಿತಿಯುಂಟು. ಸೋಮವಾರದಿಂದ ಶುಕ್ರವಾರದವರೆಗೆ ನ್ಯಾಯಸ್ಥಾನದಲ್ಲಿ ಕುಳಿತವನು ಶನಿವಾರ ಭಾನುವಾರಗಳಲ್ಲಿ ತನ್ನ ಅಂಗಡಿಯನ್ನು ತೆರೆಯಲೇಬೇಕಾದರೆ, ಅವನ ಮಕ್ಕಳಿಗೆ ಉಳಿಯುವ ದಿನ ಯಾವುದು? ೧೬೭೦ರ ಆ ಭಾನುವಾರವನ್ನು ಬಲಾತ್ಕಾರವು ಅಪಹರಿಸಿತು; ಈಗಿನ ಭಾನುವಾರವನ್ನು ಜೀವನೋಪಾಯದ ಚಿಂತೆಯು ಅಪಹರಿಸುತ್ತದೆ. ಪ್ರಜೆಯಿಂದ ನ್ಯಾಯವನ್ನು ಅಪೇಕ್ಷಿಸುವ ರಾಜ್ಯವು ಅವನ ಮನೆಯ ಲೆಕ್ಕವನ್ನೂ ನೋಡಬೇಕಾಗುತ್ತದೆ ಎಂಬುದೇ ಈ ಶಾಸನಪರಂಪರೆಯಿಂದ ಗ್ರಹಿಸಬೇಕಾದ ವಿಷಯ.