ಸೀ ನೀರು, ಸವಳು ನೀರು ಮತ್ತ ಗೀಝರಿನ ಸುಣ್ಣ

ಧಾರವಾಡದಿಂದ ಮೂಡಲಕ್ಕ ನವಲಗುಂದ, ನರಗುಂದ, ರೋಣದ ಕಡೆ ಹೋದ್ರ ಕಣ್ಣ ಹಾಯುವಷ್ಟು ದೂರ ಎರಿಭೂಮಿ. ಆ ಕಡೆ ಮಂದಿ ನೀರನ್ನ ಎರಡ ಹೆಸರಲೆ ಕರೀತಿದ್ರು: ಸೀ ನೀರು, ಸವಳು ನೀರು. ಮಳಿ ನೀರು ತುಂಬಿದ ಕೆರಿ ಕುಡ್ಯಾಕ, ಅಡಗಿಗೆ. ಬಾವಿ ನೀರು ದನಕ್ಕ, ಬಚ್ಚಲಕ್ಕ, ಅಂಗಳಕ್ಕ. ಕೆರಿಯೊಳಗ ಕಾಲ ಇಟ್ರ ಬೈಸ್ಕೋಬೇಕಾಗ್ತಿತ್ತು. ಸವಳು ಅನ್ನೂ ಒಂದ ಮಾತಿನೊಳಗ ಉಪ್ಪಿನ ರುಚಿನೂ ಬರ್ತಿತ್ತು, ಸುಣ್ಣದ ಗಡಸುತನಾನೂ ಬರ್ತಿತ್ತು. ಇವತ್ತ ನಮ್ಮ ಗೀಝರು, ವಾಶಿಂಗ್ ಮಷೀನು ಕೆಡಸೂದು ಆ ಎರಡನೇದ್ದು.

ನೀರು ಯಾವುದು ಅಂತ ತಿಳ್ಯಾಕ ಮನಿಯಾಗ ಎರಡ ಪರೀಕ್ಷೆ ಇದ್ದವು. ಮೊದಲನೇದ್ದು ಬ್ಯಾಳಿ. "ಈ ನೀರಾಗ ಬ್ಯಾಳಿ ಕುದಿಯೂದಿಲ್ಲ" ಅಂದ್ರ ಆ ಬಾವಿ ತೀರ್ಪು ಆದಂಗ. ಗಡಸು ನೀರಿನ ಕ್ಯಾಲ್ಸಿಯಂ ಬ್ಯಾಳಿಯೊಳಗಿನ ಪೆಕ್ಟಿನ್ ಜೋಡಿ ಕೂಡಿ ಅದನ್ನ ಬಿಗಿ ಮಾಡ್ತದ, ಎಷ್ಟ ಕುದಿಸಿದ್ರೂ ಮೆತ್ತಗ ಆಗೂದಿಲ್ಲ. ಅದಕ್ಕ ಚಿಟಿಕಿ ಸೋಡಾ ಹಾಕ್ತಿದ್ರು. ಎರಡನೇದ್ದು ಸಾಬೂನು. ಸವಳು ನೀರಾಗ ನೊರಿ ಬರೂ ಬದಲಿ ಸಾಬೂನು ಒಡದ ಹಾಲಿನಂಗ ಗರಣಿ ಕಟ್ಟಿ ಅರಬಿಗೆ ಅಂಟ್ಕೋತಿತ್ತು. ಅಂಟವಾಳಕಾಯಿ, ಶೀಗಿಕಾಯಿಗೆ ಈ ತ್ರಾಸ ಇಲ್ಲ, ಅವುಗಳ ನೊರಿ ಕ್ಯಾಲ್ಸಿಯಂಗೆ ಒಡಿಯೂದಿಲ್ಲ. ಅಗಸರು ಅರಬಿ ಒಗಿಯಾಕ ಸವಳು ಮಣ್ಣು ತರ್ತಿದ್ರು. ಅದರಾಗ ಇರೂದು ಒಗಿಯೂ ಸೋಡಾದ ಅಂಶ, ಅದು ನೀರಿನ ಸುಣ್ಣಾನ ಕೆಳಗ ಕೂಡಸ್ತದ. ಗಡಸು ನೀರು ಮೆತ್ತಗ ಮಾಡೂ ಕೆಲಸ ಹೊಳಿ ದಂಡ್ಯಾಗ ಹೆಸರಿಲ್ಲದ ನಡದಿತ್ತು ಅನ್ರಿ.

ಬಿಸಿನೀರಿಗೆ ತಾಮ್ರದ ಹಂಡೆ. ಅದಕ್ಕೂ ಸುಣ್ಣ ಕಟ್ಟತಿತ್ತು. ಆದ್ರ ಹಂಡೇದ ಬಾಯಿ ಅಗಲ, ಸುಣ್ಣ ಕಣ್ಣಿಗೆ ಕಾಣ್ತಿತ್ತು. ಹಬ್ಬ ಬಂದ್ರ ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಹುಳಿಗೆ ಸುಣ್ಣ ಕರಗಿ ಹೋಗ್ತಿತ್ತು. ಮುಂದ ಯಂತ್ರ ಬಂದಾವಲ್ಲ, ಅವುಗಳ ಹೊಟ್ಟಿಯೊಳಗ ಕೈ ಹೋಗೂದಿಲ್ಲ. ಕಥಿ ತಿರುಗೂದು ಅಲ್ಲೇ.

ಈ ತ್ರಾಸ ಮೊದಲ ಕಂಡದ್ದು ಉಗಿ ಎಂಜಿನ್ನಿನವರಿಗೆ. 19ನೇ ಶತಮಾನದಾಗ ಗಿರಣಿ, ರೇಲ್ವೆ ಎಲ್ಲಾ ಬಾಯ್ಲರ್ ಮ್ಯಾಲ ನಡದಿದ್ದವು. ಬಾಯ್ಲರಿನ ಒಳಗ ಸುಣ್ಣದ ಪದರು ಕೂತ್ರ ಕಲ್ಲಿದ್ದಲು ಹೆಚ್ಚ ಬೇಕು, ಕಬ್ಬಿಣ ಮಿತಿ ಮೀರಿ ಕಾಯ್ತಿತ್ತು. ರೇಲ್ವೆ ಎಂಜಿನ್ನುಗಳನ್ನ ಸರತಿ ಪ್ರಕಾರ ನಿಲ್ಲಿಸಿ, ಬಾಯ್ಲರ್ ಖಾಲಿ ಮಾಡಿ ತೊಳಿಯೂದ ಒಂದ ದೊಡ್ಡ ಕೆಲಸ ಆಗಿತ್ತು. ಸ್ಕಾಟ್ಲೆಂಡಿನ ಅಬರ್ಡೀನ್‌ದಾಗ ರಸಾಯನಶಾಸ್ತ್ರದ ಪ್ರಾಧ್ಯಾಪಕ ಆಗಿದ್ದ ಥಾಮಸ್ ಕ್ಲಾರ್ಕ್ 1841ರಾಗ ಒಂದ ಪೇಟೆಂಟ್ ತಗೊಂಡ: ನೀರಿಗೆ ಲೆಕ್ಕ ಹಾಕಿ ಸುಣ್ಣಾನ ಹಾಕೂದು, ಅದು ನೀರೊಳಗಿನ ಸುಣ್ಣಾನ ಸೈತ ಹಿಡಕೊಂಡು ತಳಕ್ಕ ಕೂಡ್ತದ. ನೀರಿನ ಗಡಸುತನ ಅಳಿಯಾಕ ಅವ ಹಿಡದ ದಾರಿನೂ ಸಾಬೂನಿಂದ, ನೊರಿ ನಿಲ್ಲಾಕ ಎಷ್ಟ ಸಾಬೂನು ಬೇಕು ಅಂತ. ನಮ್ಮ ಆಯಿ ಬಾವಿ ಕಟ್ಟಿ ಮ್ಯಾಲ ನೋಡ್ತಿದ್ದದ್ದೂ ಅದನ್ನ. 1905ರ ಹೊತ್ತಿಗೆ ಜರ್ಮನಿಯ ರಾಬರ್ಟ್ ಗಾನ್ಸ್, ಕ್ಯಾಲ್ಸಿಯಂ ಹಿಡಕೊಂಡು ಸೋಡಿಯಂ ಬಿಡೂ ಝಿಯೋಲೈಟ್ ಅನ್ನೂ ಪುಡಿ ಬಳಕಿಗೆ ತಂದ. 1935ರಾಗ ಇಂಗ್ಲೆಂಡಿನ ಆಡಮ್ಸ್ ಮತ್ತ ಹೋಮ್ಸ್ ಅದೇ ಕೆಲಸಕ್ಕ ರೆಸಿನ್ ಮಾಡಿದ್ರು. ಇವತ್ತ ಮಾಳಗಿ ಮ್ಯಾಲ ಕೂಡಸೂ ಸಾಫ್ಟನರ್ ಇವರ ಸಂತಾನ.

ನಮ್ಮ ಮನಿಗೋಳಿಗೆ ಬಂದದ್ದು ಬ್ಯಾರೆ ದಾರಿ. ಸರ್ಫ್ 1959ರಾಗ ಬಂತು, ನಿರ್ಮಾ 1969ರಾಗ. ಈ ಪುಡಿಗೋಳು ಸಾಬೂನಿನಂಗ ಗರಣಿ ಕಟ್ಟೂದಿಲ್ಲ, ಸವಳು ನೀರಾಗೂ ನೊರಿ ಕೊಡ್ತಾವು. ಅದರ ಹಿಂದ ಮುಂದ ಕುಕ್ಕರ್ ಬಂತು, ಎಂಥಾ ನೀರಾಗೂ ಬ್ಯಾಳಿ ಮೆತ್ತಗ. ಹೆಣ್ಣಮಕ್ಕಳ ದುಡಿಮಿ ಕಡಿಮಿ ಆತು, ಅದು ಭಾಳ ಛಲೋ ಆತು. ಆದ್ರ ಮನಿಯಾಗಿನ ಎರಡೂ ಪರೀಕ್ಷೆ ಅವತ್ತೇ ಮುಗದವು. ನೀರು ಗಡಸು ಅಂತ ಹೇಳವರು ಯಾರೂ ಉಳೀಲಿಲ್ಲ.

ಆಮ್ಯಾಲ ಬಂದದ್ದು ಬೋರ್‌ವೆಲ್ಲು ಮತ್ತ ಮಾಳಗಿ ಮ್ಯಾಲಿನ ಟಾಕಿ. ಹುಬ್ಬಳ್ಳಿ-ಧಾರವಾಡಕ್ಕ ಸವದತ್ತಿ ಹತ್ರದ ನವಿಲುತೀರ್ಥದಿಂದ ಮಲಪ್ರಭಾ ನೀರು ಬರ್ತದ. ಆದ್ರ ಭಾಳ ಓಣಿಗೋಳಿಗೆ ನಾಲ್ಕಾರು ದಿನಕ್ಕೊಮ್ಮೆ. ನಡುವಿನ ದಿನಕ್ಕ ಬೋರ್. ಎರಡೂ ನೀರು ಒಂದ ಟಾಕಿಯೊಳಗ ಬಿದ್ದು, ಒಂದ ಪೈಪಿನಾಗ ಬಚ್ಚಲಕ್ಕೂ ಗೀಝರಿಗೂ ಹರಿದವು. ನೂರಾರು ವರ್ಷ ಬ್ಯಾರೆ ಬ್ಯಾರೆ ಇಟ್ಟ ನೀರು ನಾವು ಒಂದ ಮಾಡಿದ್ವಿ. ನನಗ ಕಂಡಂಗ ಗೀಝರ್ ಕೆಡೂ ಇತಿಹಾಸ ಇಷ್ಟ.

ಗೀಝರಿನ ಒಳಗ ಆಗೂದು ಹಂಡೇದಾಗ ಆದದ್ದೇ. ನೀರಾಗ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದ್ರ ಒಡದು ಸುಣ್ಣದ ಕಲ್ಲಾಗಿ ಕೂಡ್ತದ, ಹೆಚ್ಚ ಕಾದಷ್ಟು ಬೇಗ. ಅದಕ್ಕ ಮೊದಲ ಅಂಟೂದು ಬಿಸಿ ಕಾಯಿಲಿಗೆ. ಸುಣ್ಣದ ಅಂಗಿ ತೊಟ್ಟ ಕಾಯಿಲ್ ತನ್ನ ಶಾಖಾ ನೀರಿಗೆ ಕೊಡಲಾರದ ತಾನ ಸುಡ್ತದ. ಕರೆಂಟ್ ಬಿಲ್ ಏರ್ತದ, ಆಮ್ಯಾಲ ಒಂದಿನ ಕಾಯಿಲ್ ಹೋಗ್ತದ.

ಹಂಗಾದ್ರ ಉಪಾಯ? ಹಳೇದ್ದೇ: ನೀರು ಮತ್ತ ಬ್ಯಾರೆ ಮಾಡ್ರಿ. ಎರಡ ಟಾಕಿ ಇಟ್ಟು, ಹೊಳಿ ನೀರಿನ ಪೈಪು ಅಡಗಿಮನಿ, ಗೀಝರು, ವಾಶಿಂಗ್ ಮಷೀನಿಗೆ. ಬೋರಿಂದು ಪಾಯಖಾನಿ, ಅಂಗಳಕ್ಕ. ಆ ಅನುಕೂಲ ಇಲ್ಲದವರು ಗೀಝರಿನ ಕಾವು 60 ಡಿಗ್ರಿ ದಾಟದಂಗ ಇಡ್ರಿ. ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತಗಸ್ರಿ, ಒಳಗಿನ ಮ್ಯಾಗ್ನೀಸಿಯಂ ಕಡ್ಡಿ ಸವದಿದ್ರ ಬದಲಾಯಿಸ್ರಿ. ವಾಶಿಂಗ್ ಮಷೀನಿಗೆ ಹುಣಸಿಹಣ್ಣಿನ ಜಾಗಾದಾಗ ನಿಂಬಿಉಪ್ಪು, ಅಂದ್ರ ಸಿಟ್ರಿಕ್ ಆಸಿಡ್. ಅರಬಿ ಹಾಕದ ಖಾಲಿ ಮಷೀನು ಬಿಸಿನೀರಾಗ ಓಡಸ್ರಿ, ಅದರ ಜೋಡಿ ಬ್ಲೀಚ್ ಮಾತ್ರ ಕೂಡಸಬ್ಯಾಡ್ರಿ, ವಿಷದ ಗಾಳಿ ಏಳ್ತದ. ಸಾಫ್ಟನರ್ ಹಾಕಸವರು ಅದರ ರೆಸಿನ್ನಿಗೆ ಆಗಾಗ ಉಪ್ಪ ನೀರು ಕೊಡಬೇಕು. ಆ ನೀರು ಗಿಡಕ್ಕ ಹಾಕಬ್ಯಾಡ್ರಿ, ಸೋಡಿಯಂ ಹೆಚ್ಚಿರ್ತದ.

ಏನ ಕೊಳ್ಳೂ ಮೊದಲೂ ನೀರು ಅಳಸ್ರಿ. ಟಿಡಿಎಸ್ ಮೀಟರು ಎಲ್ಲಾ ಉಪ್ಪು ಕೂಡಿಸಿ ಹೇಳ್ತದ, ಗಡಸುತನ ಒಂದನ್ನ ಹೇಳೂದಿಲ್ಲ. ನಮ್ಮ ದೇಶದ ಕುಡಿಯೂ ನೀರಿನ ಮಾನಕದಾಗ ಗಡಸುತನ ಲೀಟರಿಗೆ 200 ಮಿಲಿಗ್ರಾಂ ತನಕ ಛಲೋ, ಬ್ಯಾರೆ ನೀರು ಇಲ್ಲದಿದ್ರ 600ರ ತನಕ ನಡೀತದ. ಅದು ಕುಡಿಯೂ ಲೆಕ್ಕ. ಕಾಯಿಲಿಗೆ 200 ದಾಟಿದ್ರೂ ತ್ರಾಸನ. ಲ್ಯಾಬಿಗೆ ಹೋಗಾಕ ಆಗದಿದ್ರ ಒಂದ ಪಾರದರ್ಶಕ ಬಾಟ್ಲಿಯೊಳಗ ನೀರು ತಗೊಂಡು, ಪುಡಿ ಅಲ್ಲ, ಮೈಗೆ ಹಚ್ಚೂ ಸಾಬೂನಿನ ಚೂರು ಹಾಕಿ ಅಲಗಾಡಸ್ರಿ. ನೊರಿ ನಿಂತ್ರ ಸೀ ನೀರು. ನೊರಿ ಸತ್ತು ನೀರು ಹಾಲಿನಂಗ ಆದ್ರ ಸವಳು. ಆ ಪೈಪು ಗೀಝರಿನಿಂದ ದೂರ ಇರಲಿ.