ಮಾತಾಡಬಾರದು, ಸುಮ್ಮನಿರಲೂ ಬಾರದು

ನನ್ನ ಶಿಷ್ಯರಲ್ಲಿ ಕೆಲವರು ಈಗ ವಕೀಲರು. ಇಂಗ್ಲಿಷ್ ಮಾದರಿಯ ನ್ಯಾಯಪದ್ಧತಿಯಲ್ಲಿ ಪಳಗಿದ ಅವರಿಗೆ ಹಿಂದಿನ ತೀರ್ಪುಗಳೇ ಊರುಗೋಲು. ಸುಪ್ರೀಂ ಕೋರ್ಟು ಸಾರಿದ ಕಾನೂನು ಎಲ್ಲ ನ್ಯಾಯಾಲಯಗಳನ್ನೂ ಬಂಧಿಸುತ್ತದೆಂದು ನಮ್ಮ ಸಂವಿಧಾನದ 141ನೆಯ ವಿಧಿಯೇ ಹೇಳುತ್ತದೆ. ಹೀಗೆ ಕಲಿತವರು ಫ್ರಾನ್ಸಿನ 1804ರ ನಾಗರಿಕ ಸಂಹಿತೆಯನ್ನು ತೆರೆದರೆ 5ನೆಯ ವಿಧಿಯಲ್ಲೇ ತಡೆದು ನಿಲ್ಲುತ್ತಾರೆ. ನ್ಯಾಯಾಧೀಶರು ವ್ಯಾಜ್ಯ ತೀರಿಸುವ ನೆಪದಲ್ಲಿ ಸಾಮಾನ್ಯ ನಿಯಮಗಳನ್ನು ವಿಧಿಸಕೂಡದು ಎನ್ನುತ್ತದೆ ಅದು.

ಈ ಅಪನಂಬಿಕೆಗೆ ಕಾರಣ ಇತಿಹಾಸದಲ್ಲಿದೆ. ಕ್ರಾಂತಿಗೆ ಮುನ್ನ ಫ್ರಾನ್ಸಿನಲ್ಲಿ 'ಪಾರ್ಲಮಾ' ಎಂಬ ಸಂಸ್ಥೆಗಳಿದ್ದವು. ಹೆಸರು ಕೇಳಿ ಶಾಸನಸಭೆಯೆಂದು ಭ್ರಮಿಸಬೇಡಿ. ಅವು ಉಚ್ಚ ನ್ಯಾಯಾಲಯಗಳು. ಅಲ್ಲಿನ ಹುದ್ದೆಗಳನ್ನು ಹಣ ತೆತ್ತು ಕೊಳ್ಳಬಹುದಿತ್ತು, ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು. ಅರಸನ ಶಾಸನಗಳನ್ನು ದಾಖಲಿಸುವ ಅಧಿಕಾರ ಹಿಡಿದು ಅವು ಸುಧಾರಣೆಗಳಿಗೆ ಅಡ್ಡ ನಿಂತವು. 1776ರಲ್ಲಿ ಮಂತ್ರಿ ತ್ಯುರ್ಗೋ ತಂದ ಶಾಸನಗಳನ್ನೂ ಪ್ಯಾರಿಸಿನ ಪಾರ್ಲಮಾ ವಿರೋಧಿಸಿತು. ಆದ್ದರಿಂದಲೇ 1790ರ ಆಗಸ್ಟಿನ ಕಾಯಿದೆಯಲ್ಲಿ ಕ್ರಾಂತಿಕಾರರು ನ್ಯಾಯಾಧೀಶರನ್ನು ಶಾಸನರಚನೆಯಿಂದಲೂ ಆಡಳಿತದಿಂದಲೂ ದೂರವಿಟ್ಟರು.

ಆದರೆ ಸಂಹಿತೆಯ 4ನೆಯ ವಿಧಿಯನ್ನೂ ಓದಬೇಕು. ಕಾನೂನು ಮೌನವಾಗಿದೆ, ಅಸ್ಪಷ್ಟವಾಗಿದೆ ಎಂಬ ನೆಪದಿಂದ ತೀರ್ಪು ಕೊಡಲೊಲ್ಲೆನೆಂದರೆ ನ್ಯಾಯಾಧೀಶನೇ ಅಪರಾಧಿ! ನಿಯಮ ಮಾಡುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ.

ಈ ಇಕ್ಕಟ್ಟಿನ ಫಲವನ್ನು ಒಂದು ಮೊಕದ್ದಮೆಯಲ್ಲಿ ಕಾಣಬಹುದು. 1925ರಲ್ಲಿ ಬೆಲ್ಫೋರ್ ನಗರದಲ್ಲಿ ಲೀಸ್ ಜಾಂದರ್ ಎಂಬ ಬಾಲಕಿ ಲಾರಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡಳು. ಸಂಹಿತೆ ಬರೆದವರು ಮೋಟಾರು ಕಂಡವರಲ್ಲ. 1930ರಲ್ಲಿ ಅತ್ಯುಚ್ಚ ನ್ಯಾಯಾಲಯದ ಎಲ್ಲ ವಿಭಾಗಗಳೂ ಒಂದಾಗಿ ಕುಳಿತು, 1384ನೆಯ ವಿಧಿಯ ಕೆಲವೇ ಪದಗಳಿಂದ ಹೊಸ ಅರ್ಥ ತೆಗೆದವು: ವಸ್ತು ಯಾರ ಸುಪರ್ದಿನಲ್ಲಿದೆಯೋ ಅವರೇ ಹೊಣೆ, ತಮ್ಮ ತಪ್ಪಿಲ್ಲವೆಂದು ತೋರಿಸಿದರಷ್ಟೇ ಸಾಲದು. ಗಾಯಾಳು ಚಾಲಕನ ಅಜಾಗರೂಕತೆಯನ್ನು ರುಜುವಾತು ಮಾಡಬೇಕಾದ ಭಾರ ಇಳಿಯಿತು. ರಸ್ತೆ ಅಪಘಾತಗಳಿಗೆ ಶಾಸನಸಭೆ ಪ್ರತ್ಯೇಕ ಕಾಯಿದೆ ಮಾಡಿದ್ದು 1985ರಲ್ಲಿ; ಅದುವರೆಗೆ, 55 ವರ್ಷ, ಗಾಯಾಳುಗಳಿಗೆ ಆಸರೆಯಾದದ್ದು ಈ ತೀರ್ಪೇ.

ಇಂಥ ತೀರ್ಪುಗಳ ಪರಂಪರೆಗೆ ಫ್ರೆಂಚರು 'ಜೂರಿಸ್‌ಪ್ರುದಾಂಸ್' ಎನ್ನುತ್ತಾರೆ. ಇಂಗ್ಲಿಷಿನ ಜೂರಿಸ್‌ಪ್ರುಡೆನ್ಸ್ ಮುಖ್ಯವಾಗಿ ಕಾನೂನಿನ ತತ್ತ್ವವಿಚಾರ. ತೀರ್ಪುಗಳು ಅಲ್ಲಿ ವಿಧಿಯಂತೆ ಬಂಧಿಸುವುದಿಲ್ಲ, ಆದರೂ ಅವನ್ನು ಬಿಟ್ಟು ವಕೀಲಿಕೆ ಸಾಗದು. ಫ್ರಾನ್ಸಿನ ಕಾನೂನು ಕಲಿಯಹೊರಟ ಶಿಷ್ಯರಿಗೆ ನನ್ನ ಮಾತಿಷ್ಟೇ: ಸಂಹಿತೆಯೊಂದನ್ನೇ ಓದಿ ನಿಲ್ಲಬೇಡಿ, ತೀರ್ಪುಗಳನ್ನೂ, 1789ರ ಹಿಂದಿನ ಇತಿಹಾಸವನ್ನೂ ಜೊತೆಗಿಟ್ಟುಕೊಳ್ಳಿ.