ಕೋವಿಯ ನಳಿಗೆ: ಗರಗಸದಿಂದ ತಿರುಪಿನವರೆಗೆ

ಬಾತುಕೋಳಿ ಬೇಟೆಗೆಂದು ಮಾಡಿದ ಹನ್ನೆರಡು ಬೋರಿನ ಕೋವಿಗೆ ಸಾಮಾನ್ಯವಾಗಿ 28ರಿಂದ 30 ಅಂಗುಲದ ನಳಿಗೆ ಇರುತ್ತದೆ. ಬಯಲಿನಲ್ಲಿ ನಿಂತು, ಹಾರುವ ಹಕ್ಕಿಯ ಜೊತೆಗೇ ಕೋವಿಯನ್ನು ಹದವಾಗಿ ತಿರುಗಿಸುತ್ತ ಹೋಗಲು ಆ ಉದ್ದ ಅನುಕೂಲ. ಅದೇ ಕೋವಿಯನ್ನು ಮನೆಯೊಳಗೆ ಹಿಡಿದು ಕಿರಿದಾದ ಓಣಿಯಲ್ಲಿ ತಿರುಗಬೇಕೆಂದರೆ ತುದಿ ಬಾಗಿಲವಾಡಕ್ಕೆ ಬಡಿಯುತ್ತದೆ. ಮನೆ ಕಾವಲಿಗೆ ಕೋವಿ ಇಟ್ಟುಕೊಳ್ಳುವುದು ಸಾಮಾನ್ಯವಾಗಿರುವ ಅಮೆರಿಕದಲ್ಲಿ ಈ ತೊಡಕಿಗೆ ಒಂದೂವರೆ ಶತಮಾನದಿಂದ ಪರಿಹಾರ ಹುಡುಕುತ್ತಲೇ ಬಂದಿದ್ದಾರೆ. ಮೊದಲ ಪರಿಹಾರ ಗರಗಸವಾಗಿತ್ತು. ಅದು ಎಲ್ಲಕ್ಕಿಂತ ಕೆಟ್ಟ ಪರಿಹಾರವೂ ಆಗಿತ್ತು. ಆಮೇಲೆ ಬಂದ ಒಳ್ಳೆಯ ಸುಧಾರಣೆಗಳೆಲ್ಲ ನಳಿಗೆಯನ್ನು ಕತ್ತರಿಸದೆಯೇ ಆದವು.

ನಳಿಗೆ ಮೊದಲು ಅಷ್ಟು ಉದ್ದವಿದ್ದುದಕ್ಕೆ ಕಾರಣ ಕರಿಮದ್ದು. ಅದು ನಿಧಾನವಾಗಿ ಉರಿಯುತ್ತದೆ. ಅದರ ಶಕ್ತಿಯೆಲ್ಲ ಚರೆಗೆ ಸಿಗಬೇಕಾದರೆ ನಳಿಗೆ ನೀಳವಾಗಿರಬೇಕು. ಹದಿನೆಂಟನೇ ಶತಮಾನದ ಹಕ್ಕಿಬೇಟೆಯ ಕೋವಿಗಳಲ್ಲಿ ನಾಲ್ಕು ಅಡಿಯ ನಳಿಗೆಗಳು ಅಪರೂಪವಲ್ಲ. 1860ರ ದಶಕದಲ್ಲಿ ಪ್ರಷ್ಯದ ಸೇನಾಧಿಕಾರಿ ಷುಲ್ಟ್ಸೆ ಮರದ ನಾರಿನಿಂದ ತಯಾರಿಸಿದ ಮದ್ದು, 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಸಿದ್ಧಪಡಿಸಿದ ಹೊಗೆಯಿಲ್ಲದ ಮದ್ದು ಬಂದ ಮೇಲೆ ಈ ಲೆಕ್ಕ ಬದಲಾಯಿತು. ಇಂದಿನ ತೋಟಾದಲ್ಲಿ ಮದ್ದು ನಳಿಗೆಯ ಮೊದಲ ಭಾಗದಲ್ಲೇ ಬಹುಪಾಲು ಉರಿದು ಮುಗಿಯುತ್ತದೆ. ಒಂದು ಅಂಗುಲ ಉದ್ದ ಕಡಿಮೆಯಾದರೆ ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ ಹೊರಡುವ ಚರೆ ಕಳೆದುಕೊಳ್ಳುವುದು ಹೆಚ್ಚೆಂದರೆ ಐದರಿಂದ ಹತ್ತು ಅಡಿ. ಗಿಡ್ಡ ನಳಿಗೆಯ ಕೋವಿಗೆ ಬಲವಿಲ್ಲ ಎಂಬ ಹಳೆಯ ನಂಬಿಕೆ ಕರಿಮದ್ದಿನ ಕಾಲಕ್ಕೆ ಸೇರಿದ್ದು.

ಉದ್ದಕ್ಕಿಂತ ಮುಖ್ಯವಾದ ಬದಲಾವಣೆ ನಡೆದದ್ದು ನಳಿಗೆಯ ಬಾಯಿಯಲ್ಲಿ. ಹನ್ನೆರಡು ಬೋರಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಬಾಯಿಯ ಹತ್ತಿರದ ಎರಡು ಮೂರು ಅಂಗುಲದಲ್ಲಿ ಈ ವ್ಯಾಸವನ್ನು ಒಂದು ಮಿಲಿಮೀಟರಿಗೂ ಕಡಿಮೆ ಅಳತೆಯಲ್ಲಿ ಕಿರಿದು ಮಾಡಿದರೆ ಚರೆ ಚದುರದೆ ಗುಂಪಾಗಿ ಸಾಗುತ್ತದೆ. ಇದೇ ಚೋಕ್. ನ್ಯೂಕ್ಯಾಸಲ್‌ನ ವಿಲಿಯಂ ಪೇಪ್ 1866ರಲ್ಲಿ ಇದಕ್ಕೆ ಪೇಟೆಂಟ್ ಪಡೆದ; ಅಮೆರಿಕದ ಸಿಲ್ವೆಸ್ಟರ್ ರೋಪರ್ 1868ರಲ್ಲಿ ತಿರುಪಿನಿಂದ ಕೂರಿಸುವ ಚೋಕಿಗೆ ಪಡೆದ; ಇಲಿನಾಯ್‌ನ ಬೇಟೆಗಾರ ಫ್ರೆಡ್ ಕಿಂಬಲ್ ತಾನೇ ಕಂಡುಹಿಡಿದೆ ಎಂದ. ಯಾರು ಮೊದಲಿಗರು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಆದರೆ ಅದನ್ನು ನಂಬಿಕಸ್ತ ತಯಾರಿಕೆಯಾಗಿ ರೂಪಿಸಿ, 1875ರ ಲಂಡನ್ ಪರೀಕ್ಷೆಗಳಲ್ಲಿ ಗೆದ್ದು ತೋರಿಸಿದವನು ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್. ಚೋಕನ್ನು ಅಳೆಯುವ ಕ್ರಮ ಇಂದಿಗೂ ಸರಳ: 40 ಗಜ ದೂರದಲ್ಲಿ ದೊಡ್ಡ ಕಾಗದ ಹಾಕಿ ಈಡು ಹೊಡೆಯುತ್ತಾರೆ, ರಂಧ್ರಗಳು ದಟ್ಟವಾಗಿರುವ ಕಡೆ 30 ಅಂಗುಲದ ವೃತ್ತ ಎಳೆದು ಒಳಗಿನ ತೂತುಗಳನ್ನು ಎಣಿಸುತ್ತಾರೆ. ಫುಲ್ ಚೋಕಿನಲ್ಲಿ ನೂರಕ್ಕೆ 70ರಷ್ಟು ಚರೆ ವೃತ್ತದೊಳಗೆ ಬೀಳಬೇಕು. ಚೋಕ್ ಇಲ್ಲದ ನೇರ ನಳಿಗೆಯಲ್ಲಿ ಸುಮಾರು 40.

ನಳಿಗೆ ಕತ್ತರಿಸುವವರು ಕಳೆದುಕೊಳ್ಳುವುದು ಇದನ್ನೇ. ಹಳೆಯ ನಳಿಗೆಯಲ್ಲಿ ಚೋಕ್ ಇರುವುದು ತುದಿಯಲ್ಲಿ. ಗರಗಸ ಮೊದಲು ತೆಗೆದುಹಾಕುವುದೂ ಆ ತುದಿಯನ್ನೇ. ನೇರ ಗುರಿಗೆ ಬೇಕಾದ ಮುಂಗುರಿಯ ಮಣಿಯೂ ಅದರ ಜೊತೆ ಹೋಗುತ್ತದೆ. ಆದರೂ ಗಿಡ್ಡ ಕೋವಿಗೆ ಹಳೆಯ ಬೇಡಿಕೆಯಿತ್ತು. ಅಮೆರಿಕದ ಪಶ್ಚಿಮದಲ್ಲಿ ಹಣದ ಪೆಟ್ಟಿಗೆ ಹೊತ್ತ ಕುದುರೆಗಾಡಿಗಳ ಕಾವಲುಗಾರರು ಗಿಡ್ಡ ಜೋಡಿ ನಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಸಿಸಿಲಿಯಲ್ಲಿ ತೋಳಗಳಿಂದ ಹಿಂಡು ಕಾಯುವ ಕುರುಬರ ಲೂಪಾರ ಎಂಬ ಗಿಡ್ಡ ಕೋವಿ ಮುಂದೆ ಮಾಫಿಯಾದ ಕೈ ಸೇರಿತು. 1917ರಲ್ಲಿ ಅಮೆರಿಕದ ಸೇನೆ ಜಾನ್ ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1897ಕ್ಕೆ 20 ಅಂಗುಲದ ನಳಿಗೆ ಕೂರಿಸಿ, ಮೇಲೆ ತೂತುಗಳ ತಗಡಿನ ಹೊದಿಕೆ ಹಾಕಿ ಫ್ರಾನ್ಸಿನ ಕಂದಕಗಳಿಗೆ ಕಳಿಸಿತು. 1918ರ ಸೆಪ್ಟೆಂಬರಿನಲ್ಲಿ ಜರ್ಮನಿ ಇದರ ವಿರುದ್ಧ ಅಧಿಕೃತವಾಗಿ ಪ್ರತಿಭಟಿಸಿತು, ಅಮೆರಿಕ ಒಪ್ಪಲಿಲ್ಲ. ಈ ಕಂದಕದ ಕೋವಿಗಳು ಗಿಡ್ಡ ನಳಿಗೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಾರ್ಖಾನೆಯಲ್ಲಿ ಮಾಡಿದವು ಎಂಬುದನ್ನು ಗಮನಿಸಬೇಕು.

ಕತ್ತರಿಸಿದ ಕೋವಿಗೆ ಕೆಟ್ಟ ಹೆಸರು ಬಂದದ್ದು ಅಮೆರಿಕದ ಮದ್ಯನಿಷೇಧದ ವರ್ಷಗಳ ದರೋಡೆಕೋರರಿಂದ. ಕೋಟಿನೊಳಗೆ ಅಡಗುವ ಕೋವಿ ಅವರಿಗೆ ಬೇಕಿತ್ತು. 1934ರ ಜೂನ್ 26ರಂದು ಸಹಿಯಾದ ರಾಷ್ಟ್ರೀಯ ಶಸ್ತ್ರಾಸ್ತ್ರ ಕಾಯ್ದೆ 18 ಅಂಗುಲಕ್ಕಿಂತ ಗಿಡ್ಡ ನಳಿಗೆಯ ಕೋವಿಗೆ ನೋಂದಣಿಯನ್ನೂ 200 ಡಾಲರ್ ತೆರಿಗೆಯನ್ನೂ ಕಡ್ಡಾಯ ಮಾಡಿತು. ಆ ಕಾಲಕ್ಕೆ ಅದು ಕೋವಿಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಮೂಲ ಮಸೂದೆಯಲ್ಲಿ ಪಿಸ್ತೂಲು, ರಿವಾಲ್ವರುಗಳೂ ಇದ್ದವು. ಉದ್ದ ಕೋವಿಯನ್ನು ಕತ್ತರಿಸಿ ಪಿಸ್ತೂಲಿನಂತೆ ಬಳಸದಿರಲಿ ಎಂದೇ ನಳಿಗೆಯ ಮಿತಿ ಸೇರಿಸಿದ್ದು. ಕೊನೆಗೆ ಪಿಸ್ತೂಲು ಮಸೂದೆಯಿಂದ ಹೊರಬಿತ್ತು, ನಳಿಗೆಯ ಮಿತಿ ಉಳಿಯಿತು. ಅಮೆರಿಕದ ಕೋವಿ ಕಾನೂನಿನ ವಿಚಿತ್ರಗಳಲ್ಲಿ ಹಲವು ಹುಟ್ಟಿದ್ದು ಇಲ್ಲಿಯೇ.

ಕಾಯ್ದೆಯ ಪರೀಕ್ಷೆ ಬೇಗ ಬಂತು. 1938ರಲ್ಲಿ ಒಕ್ಲಹೋಮದ ಕ್ಲೇರ್ಮೋರ್‌ನಿಂದ ಅರ್ಕನ್ಸಾಗೆ ಕತ್ತರಿಸಿದ ಸ್ಟೀವನ್ಸ್ ಜೋಡಿ ನಳಿಗೆ ಸಾಗಿಸಿದ ಜ್ಯಾಕ್ ಮಿಲ್ಲರ್ ಮತ್ತು ಫ್ರ್ಯಾಂಕ್ ಲೇಟನ್ ಮೇಲೆ ಮೊಕದ್ದಮೆ ಹೂಡಲಾಯಿತು. ಸುಪ್ರೀಂ ಕೋರ್ಟಿನಲ್ಲಿ ಅವರ ಪರ ಯಾರೂ ಹಾಜರಾಗಲಿಲ್ಲ. 1939ರ ಮೇ 15ರ ತೀರ್ಪಿಗೆ ಮೊದಲೇ ಮಿಲ್ಲರ್ ಗುಂಡೇಟಿನಿಂದ ಸತ್ತಿದ್ದ. ಅಂಥ ಕೋವಿಗೂ, ಶಸ್ತ್ರ ಹೊಂದುವ ಹಕ್ಕನ್ನು ಸಂವಿಧಾನ ಜೋಡಿಸಿರುವ ನಾಗರಿಕ ಸೇನೆಗೂ ಸಂಬಂಧವಿದೆ ಎಂಬುದಕ್ಕೆ ತನ್ನ ಮುಂದೆ ಆಧಾರವಿಲ್ಲ ಎಂದು ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕಂದಕದ ಕೋವಿಯ ನೆನಪು ಇನ್ನೂ ಹಸಿಯಾಗಿದ್ದ ದೇಶದಲ್ಲಿ ಎದುರು ವಾದವೇ ಇಲ್ಲದೆ ಇಂಥ ಪ್ರಶ್ನೆ ತೀರ್ಮಾನವಾದದ್ದು ನನಗೆ ಸರಿಯೆನಿಸುವುದಿಲ್ಲ. ಆದರೂ ಮಿತಿಯೇ ತಪ್ಪೆಂದು ನಾನು ಹೇಳಲಾರೆ.

ಕಾನೂನು ಒಂದು ಗೆರೆ ಎಳೆದ ಹೊತ್ತಿಗೆ ಕುಶಲಿಗಳ ಗಮನ ಮತ್ತೆ ನಳಿಗೆಯ ಬಾಯಿಯತ್ತ ಹೊರಳಿತ್ತು. ಮರೀನ್ ಕರ್ನಲ್ ರಿಚರ್ಡ್ ಕಟ್ಸ್ ರೂಪಿಸಿದ, ಸೀಳುಗಳಿರುವ ತುದಿಭಾಗ ಹಿಂದೊತ್ತನ್ನು ತಗ್ಗಿಸುತ್ತಿತ್ತು, ಬೇರೆ ಬೇರೆ ಚೋಕುಗಳನ್ನೂ ಹಿಡಿದುಕೊಳ್ಳುತ್ತಿತ್ತು. ಪಾಲಿಚೋಕ್ ಎಂಬ ಇನ್ನೊಂದು ತುದಿಭಾಗವನ್ನು ಕೈಯಿಂದಲೇ ತಿರುಗಿಸಿ ಬಾಯಿ ಕಿರಿದು ಮಾಡಬಹುದಿತ್ತು. ನೋಡಲು ಕುರೂಪವಾದರೂ ಇವು ದಶಕಗಳ ಕಾಲ ಮಾರಾಟವಾದವು. ಆಮೇಲೆ ವಿಂಚೋಕ್ ಮುಂತಾದ, ನಳಿಗೆಯೊಳಗೆ ತಿರುಪಿನಿಂದ ಕೂರುವ ಚೋಕ್‌ಗಳು ಅವನ್ನು ಹಿಂದೆ ಹಾಕಿದವು. ರೋಪರ್‌ನ ಕಲ್ಪನೆ ಎಲ್ಲರ ಕೈಗೆ ಬರಲು ನೂರು ವರ್ಷ ಹಿಡಿಯಿತು.

ನನ್ನ ದೃಷ್ಟಿಯಲ್ಲಿ ಮನೆ ಕಾವಲಿನ ಕೋವಿಗೆ ಇದಕ್ಕಿಂತ ದೊಡ್ಡ ತಿರುವು 1950ರ ರೆಮಿಂಗ್ಟನ್ 870. ಅದರಲ್ಲಿ ಬೋಲ್ಟ್ ಬೀಗ ಹಾಕಿಕೊಳ್ಳುವುದು ನಳಿಗೆಯ ಹಿಂಬದಿಗೆ ಸೇರಿದ ತುಂಡಿನೊಳಗೆ, ಚೌಕಟ್ಟಿನೊಳಗಲ್ಲ. ಆದ್ದರಿಂದ ತೋಟಾ ಕೂರುವ ಅಂತರ ನಳಿಗೆಯಲ್ಲೇ ನಿಗದಿಯಾಗಿರುತ್ತದೆ. ಮ್ಯಾಗಜೀನಿನ ತುದಿಯ ಮುಚ್ಚಳ ಬಿಚ್ಚಿದರೆ ಹಳೆಯ ನಳಿಗೆ ಹೊರಬರುತ್ತದೆ, ಹೊಸದು ಒಳಹೋಗುತ್ತದೆ; ಕೋವಿ ರಿಪೇರಿಯವರ ಕೈ ಬೇಕಿಲ್ಲ. ಶನಿವಾರ 28 ಅಂಗುಲದಲ್ಲಿ ಬಾತು ಹೊಡೆದವನು ಮನೆಗೆ ಬಂದು ಅದೇ ಕೋವಿಗೆ ಕಾರ್ಖಾನೆಯ 18.5 ಅಂಗುಲದ ನಳಿಗೆ ಹಾಕಬಹುದು. ಆ ಹೆಚ್ಚುವರಿ ಅರ್ಧ ಅಂಗುಲ ಕಾನೂನಿನ ಗೆರೆಯಿಂದ ಸುರಕ್ಷಿತ ದೂರ ಇರಲೆಂದು. ಮಾಸ್‌ಬರ್ಗ್ 500 ಕೂಡ ಇದೇ ದಾರಿ ಹಿಡಿಯಿತು. ಹಳೆಯ ಕೋವಿಯನ್ನು ಕತ್ತರಿಸಬೇಕಾದ ಕಾರಣವೇ ಇದರಿಂದ ಇಲ್ಲವಾಯಿತು.

ಈಚೆಗೆ ಸುಧಾರಣೆ ತೋಟಾದೊಳಗೆ ನಡೆಯುತ್ತಿದೆ. ಫೆಡರಲ್ ಕಂಪನಿಯ ಫ್ಲೈಟ್‌ಕಂಟ್ರೋಲ್ ತೋಟಾದಲ್ಲಿ ಚರೆ ಹೊತ್ತ ಪ್ಲಾಸ್ಟಿಕ್ ಬಟ್ಟಲಿನ ಹಿಂಭಾಗದ ರೆಕ್ಕೆಗಳು ಬಿಚ್ಚಿಕೊಂಡು ವೇಗ ತಗ್ಗಿಸುತ್ತವೆ. ಅಲ್ಲಿಯವರೆಗೆ ಚರೆ ಬಟ್ಟಲಲ್ಲೇ ಒಟ್ಟಾಗಿ ಸಾಗುತ್ತದೆ. ಗಿಡ್ಡ, ನೇರ ನಳಿಗೆಯಿಂದಲೂ ಬಿಗಿಯಾದ ಗುಂಪು ಸಿಗುವುದು ಹೀಗೆ.

ಇಷ್ಟು ತಿಳಿವಳಿಕೆ ಬೆಳೆದ ಮೇಲೂ ಸಿನಿಮಾ ಹಬ್ಬಿಸಿದ ಒಂದು ತಪ್ಪು ಕಲ್ಪನೆ ಹೋಗಿಲ್ಲ: ಗಿಡ್ಡ ನಳಿಗೆಯಾದರೆ ಚರೆ ಕೋಣೆ ತುಂಬ ಹರಡುತ್ತದೆ, ಗುರಿ ಇಡಬೇಕಿಲ್ಲ ಎಂಬುದು. ಚೋಕ್ ಇಲ್ಲದ ನಳಿಗೆಯಲ್ಲೂ ಹರಡುವಿಕೆ ಒಂದು ಗಜಕ್ಕೆ ಸುಮಾರು ಒಂದು ಅಂಗುಲ ಎಂಬುದು ಹಳೆಯ ಸ್ಥೂಲ ಲೆಕ್ಕ. ನಡುಮನೆಯ ಐದಾರು ಗಜ ದೂರದಲ್ಲಿ ಅದು ಒಂದು ಅಂಗೈಯಗಲವಷ್ಟೇ. ಆ ಅಂಗೈಯಗಲದಲ್ಲಿ ಹೋಗುವ, ಒಂದೊಂದೂ ಎಂಟು ಮಿಲಿಮೀಟರ್ ದಪ್ಪದ ದೊಡ್ಡ ಚರೆಗಳು ಗುರಿ ತಪ್ಪಿದರೆ ತೆಳು ಗೋಡೆ ದಾಟಿ ಪಕ್ಕದ ಕೋಣೆಯಲ್ಲಿ ಮಲಗಿರುವ ಮಗುವನ್ನು ತಲುಪಬಲ್ಲವು. ಗಿಡ್ಡ ನಳಿಗೆಯ ಲಾಭ ತಿರುಗಿಸಲು ಸುಲಭ ಎಂಬುದೊಂದೇ. ಅದಕ್ಕೆ ಪ್ರತಿಯಾಗಿ ಸದ್ದು, ಬೆಂಕಿಯ ಹೊಳಪು, ಹಿಂದೊತ್ತು ಮೂರೂ ಹೆಚ್ಚುತ್ತವೆ. 2017ರಲ್ಲಿ ಬಂದ ಮಾಸ್‌ಬರ್ಗ್ ಷಾಕ್‌ವೇವ್ ಇದಕ್ಕೆ ಒಳ್ಳೆಯ ಉದಾಹರಣೆ: 14 ಅಂಗುಲದ ನಳಿಗೆ, ಹೆಗಲಿಗೆ ಆನಿಸುವ ಬಟ್ ಇಲ್ಲ, ಒಟ್ಟು ಉದ್ದ 26 ಅಂಗುಲಕ್ಕಿಂತ ತುಸು ಹೆಚ್ಚು. ಹುಟ್ಟಿನಿಂದಲೇ ಬಟ್ ಇಲ್ಲದ್ದರಿಂದ ಕಾನೂನಿನ ಕಣ್ಣಿಗೆ ಅದು ಷಾಟ್‌ಗನ್ನೇ ಅಲ್ಲ. ಕಾನೂನಿನ ಪರೀಕ್ಷೆಯನ್ನು ಅದು ದಾಟಿತು; ಗುರಿ ಹಿಡಿಯಲು ಹೆಗಲಿನ ಆಸರೆ ಇಲ್ಲದ ಕೋವಿಯನ್ನು ನಾನು ಮನೆಗೆ ತಕ್ಕದ್ದೆಂದು ಹೇಳಲಾರೆ. 2025ರ ಜುಲೈನಲ್ಲಿ ಸಹಿಯಾದ ಕಾನೂನು 2026ರ ಜನವರಿಯಿಂದ ಗಿಡ್ಡ ನಳಿಗೆಯ ತೆರಿಗೆಯನ್ನು ಸೊನ್ನೆಗಿಳಿಸಿದೆ. ನೋಂದಣಿ ಮಾತ್ರ ಉಳಿದಿದೆ.

ಬೇರೆ ದೇಶಗಳು ಇನ್ನೂ ಬಿಗಿ. ಬ್ರಿಟನ್ನಿನ 1968ರ ಕಾಯ್ದೆಯಲ್ಲಿ ನಳಿಗೆಯನ್ನು 24 ಅಂಗುಲಕ್ಕಿಂತ ಕಡಿಮೆ ಮಾಡುವುದು ಅಪರಾಧ. ಕೆನಡಾದ ದಾರಿ ಕುತೂಹಲಕರ: ಕಾರ್ಖಾನೆಯಲ್ಲೇ ಗಿಡ್ಡವಾಗಿ ಮಾಡಿದ ನಳಿಗೆಯನ್ನೂ ಕತ್ತರಿಸಿ ಗಿಡ್ಡ ಮಾಡಿದ್ದನ್ನೂ ಅಲ್ಲಿನ ಕಾನೂನು ಬೇರೆಬೇರೆಯಾಗಿ ನೋಡುತ್ತದೆ.

ನಮ್ಮಲ್ಲಿ ಎಸ್‌ಬಿಬಿಎಲ್, ಡಿಬಿಬಿಎಲ್ ಎಂದು ಪರವಾನಗಿ ಪುಸ್ತಕದಲ್ಲಿ ಬರೆಯುವ ಒಂಟಿ, ಜೋಡಿ ನಳಿಗೆಯ ಕೋವಿಗಳು ಮಲೆನಾಡು, ಕೊಡಗು, ಕರಾವಳಿಯ ತೋಟದ ಮನೆಗಳಲ್ಲಿ ಬೆಳೆ ಕಾವಲಿಗಿವೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಆದರೆ ಆ ವಿನಾಯಿತಿ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ನಳಿಗೆ ಕತ್ತರಿಸುವುದಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ, ಅದಕ್ಕೆಂದೇ ಪರವಾನಗಿ ಇಲ್ಲದೆ ಯಾವುದೇ ಕೋವಿಯ ನಳಿಗೆಯನ್ನು ಗಿಡ್ಡ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ.

ತಾತನ ಕೋವಿ ಉದ್ದವಾಯಿತು, ಭಾರವಾಯಿತು ಎನಿಸುವವರು ಅದನ್ನು ವರ್ಕ್‌ಷಾಪಿಗೆ ಒಯ್ಯಬೇಡಿ. ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಬಟ್ಟನ್ನು ನಿಮ್ಮ ಹೆಗಲಿಗೆ ಹೊಂದಿಸಿಕೊಳ್ಳಿ, ಹಳೆಯ ನಳಿಗೆಯ ಸ್ಥಿತಿ ಪರೀಕ್ಷೆ ಮಾಡಿಸಿ, ತೋಟಾವನ್ನು ಕೋವಿಯಿಂದ ಬೇರೆಯಾಗಿ ಬೀಗದೊಳಗಿಡಿ. ನಳಿಗೆಯ ತುದಿಗೆ ಮಾತ್ರ ಗರಗಸ ಹಚ್ಚಬೇಡಿ.